ಹಿಡಿದದ್ದೆಲ್ಲ ‘ಕದ್ದಾಲಿಕೆ’ಯೇ? ಉಪಗ್ರಹ ಫೋನಿನ ಕೈಪಿಡಿಯಲ್ಲಿ ಎದುರಾದ ತೊಡಕು

ನಮಸ್ಕಾರ.

ಉಪಗ್ರಹ ಫೋನಿನಲ್ಲಿ ಆಡುವ ಖಾಸಗಿ ಮಾತನ್ನು ಬೇರೆಯವರ ಕಿವಿಗೆ ಬೀಳದಂತೆ ಕಾಪಾಡಿಕೊಳ್ಳುವುದು ಹೇಗೆ ಎಂಬ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೂರನೆಯ ಪುಟದಲ್ಲೇ ನನ್ನ ಕೈಯಿಂದ ಹೀಗೊಂದು ವಾಕ್ಯ ಬಂತು: ‘ಗೂಢಲಿಪಿಯಲ್ಲಿದ್ದರೆ ಕರೆಯನ್ನು ಕದ್ದಾಲಿಸಿದರೂ ಕದ್ದಾಲಿಸಲು ಆಗುವುದಿಲ್ಲ.’ ಬರೆದ ನನಗೇ ನಗು ಬಂತು. ಮೂಲದಲ್ಲಿ ತಪ್ಪಿಲ್ಲ. ಅಲ್ಲಿ ಒಂದು ಕಡೆ ಇಂಟರ್‌ಸೆಪ್ಟ್ (ದಾರಿಯಲ್ಲಿ ಹೋಗುವ ಸಂಕೇತವನ್ನು ಹಿಡಿಯುವುದು) ಇದೆ, ಇನ್ನೊಂದು ಕಡೆ ಈವ್ಸ್‌ಡ್ರಾಪ್ (ಮಾತನ್ನು ಗುಟ್ಟಾಗಿ ಕೇಳುವುದು). ಎರಡಕ್ಕೂ ನಾನು ‘ಕದ್ದಾಲಿಸು’ ಅಂದೇ ಹಾಕಿದ್ದೆ. ಟ್ಯಾಪಿಂಗ್‌ಗೂ ನಾವು ಹಾಕುವುದು ಅದನ್ನೇ.

ತಂತಿಯ ಕಾಲದಲ್ಲಿ ಇದರಿಂದ ತೊಂದರೆ ಇರಲಿಲ್ಲ. ತಂತಿಗೆ ತಂತಿ ಸೇರಿಸಿದವನ ಕಿವಿಗೆ ಮಾತೇ ನೇರವಾಗಿ ಬೀಳುತ್ತಿತ್ತು. ಹಿಡಿಯುವುದು, ಕೇಳುವುದು ಎರಡೂ ಒಂದೇ ಕೆಲಸ. ಉಪಗ್ರಹದ್ದು ಹಾಗಲ್ಲ. ಇರಿಡಿಯಂ ಎಂಬ ಉಪಗ್ರಹ ಫೋನ್ ಸೇವೆಯ ಉಪಗ್ರಹಗಳು ಸುಮಾರು 780 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ, ನೆಲದಿಂದ ನೋಡಿದರೆ ಒಂದೇ ಕಡೆ ನಿಂತಂತೆ ಕಾಣುವ ಭೂಸ್ಥಿರ ಉಪಗ್ರಹಗಳು 35,786 ಕಿ.ಮೀ. ಎತ್ತರದಲ್ಲಿ. ಅಲ್ಲಿಂದ ಬರುವ ಅಲೆ ಒಬ್ಬರ ಫೋನನ್ನೇ ಹುಡುಕಿಕೊಂಡು ಇಳಿಯುವುದಿಲ್ಲ, ನೂರಾರು ಕಿ.ಮೀ. ಅಗಲದ ನೆಲದ ಮೇಲೆ ಮಳೆಯ ಹಾಗೆ ಬೀಳುತ್ತದೆ. ಆ ವ್ಯಾಪ್ತಿಯೊಳಗೆ ತಕ್ಕ ಆಂಟೆನಾ, ರಿಸೀವರ್ ಇಟ್ಟುಕೊಂಡು ಕೂತವರು ಯಾರಾದರೂ ಅದನ್ನು ಹಿಡಿಯಬಹುದು. ಅದನ್ನು ತಪ್ಪಿಸುವ ದಾರಿ ಇಲ್ಲ. ಹಿಡಿದದ್ದು ಅರ್ಥವಾಗದ ಹಾಗೆ ಮಾಡಬಹುದು, ಅಷ್ಟೆ.

ಇಲ್ಲೇ ‘ಆಲಿಸು’ ಅಡ್ಡ ಬರುತ್ತದೆ. ‘ಕೇಳು’ ಅನ್ನುವುದಕ್ಕೆ ಸದ್ದು ಕಿವಿಗೆ ಬಿದ್ದರೂ ಸಾಕು. ‘ಆಲಿಸು’ ಅಂದರೆ ಮನಸ್ಸಿಟ್ಟು ಕೇಳುವುದು. ಗೂಢಲಿಪಿಯ ಬಿಟ್‌ಗಳನ್ನು ರಾಶಿ ಹಾಕಿಕೊಂಡವನು ಏನನ್ನು ಆಲಿಸಿದ ಹಾಗಾಯಿತು?

ಇಂಟರ್‌ಸೆಪ್ಟ್‌ಗೆ ‘ತಡೆಹಿಡಿ’ ಅಂತಲೂ ‘ಪ್ರತಿಬಂಧ’ ಅಂತಲೂ ಬರೆಯುವವರಿದ್ದಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ. ಇಲ್ಲಿ ಯಾರೂ ಏನನ್ನೂ ತಡೆಯುತ್ತಿಲ್ಲ. ಕರೆ ತಲುಪಬೇಕಾದವರಿಗೆ ತಲುಪಿಯೇ ತಲುಪುತ್ತದೆ. ‘ಸಂಕೇತಗ್ರಹಣ’ ಅಂತ ಬರೆದು ನೋಡಿದೆ. ಉಪಗ್ರಹದ ಪಕ್ಕದಲ್ಲೇ ಗ್ರಹಣವೂ ಬಂದು, ಓದುವವರು ಪಂಚಾಂಗ ತೆಗೆದಾರು ಅನ್ನಿಸಿ ಅಳಿಸಿದೆ.

ಡಿಕ್ರಿಪ್ಟ್ (ಗೂಢಲಿಪಿಯನ್ನು ಮತ್ತೆ ಅರ್ಥವಾಗುವಂತೆ ಮಾಡುವುದು) ವಿಷಯದಲ್ಲಿ ಮಾತ್ರ ಕನ್ನಡ ಕೈಕೊಡಲಿಲ್ಲ. ಕೀ (ಗೂಢಲಿಪಿ ಬಿಚ್ಚಲು ಬೇಕಾದ ಸಂಖ್ಯೆ) ಇದ್ದವರು ‘ಬಿಚ್ಚುತ್ತಾರೆ’, ಇಲ್ಲದವರು ‘ಒಡೆಯುತ್ತಾರೆ’. ಈ ವ್ಯತ್ಯಾಸ ಬೇಕೇ ಬೇಕು. ಉಪಗ್ರಹ ಫೋನುಗಳಲ್ಲಿ ಬಳಕೆಯಲ್ಲಿದ್ದ ಜಿಎಂಆರ್-1, ಜಿಎಂಆರ್-2 ಎಂಬ ಎರಡು ಗೂಢಲಿಪಿಗಳನ್ನು 2012ರಲ್ಲಿ ಜರ್ಮನಿಯ ಬೋಕುಮ್ ವಿಶ್ವವಿದ್ಯಾಲಯದ ಸಂಶೋಧಕರು ಒಡೆದರು. ಗುಟ್ಟಾಗಿಟ್ಟಿದ್ದ ಆ ವಿಧಾನಗಳನ್ನು ಅವರು ಹೊರಗೆಳೆದದ್ದು ಫೋನುಗಳೊಳಗಿನ ಸಾಫ್ಟ್‌ವೇರಿನಿಂದಲೇ. ಮೊದಲನೆಯದು ಮೊಬೈಲ್ ಜಾಲದ ಎ5/2 ಎಂಬ ಹಳೆಯ, ದುರ್ಬಲ ಗೂಢಲಿಪಿಯ ಸಂಬಂಧಿಯಾಗಿತ್ತು. ‘ಬಿಚ್ಚಿದರು’ ಅಂತ ಬರೆದರೆ ಕಥೆಯೇ ಬದಲಾಗುತ್ತದೆ.

ಇನ್ನು ಆ ಕೀ. ಅದಕ್ಕೆ ‘ಕೀಲಿ’ ಅಂತ ಬರೆಯೋಣವೆಂದರೆ, ಒಂದು ಕಡೆಯವರಿಗೆ ಕೀಲಿ ಅಂದರೆ ಬೀಗ, ತೆರೆಯುವುದಕ್ಕೆ ಬೇಕಾದದ್ದು ಕೀಲಿಕೈ. ಇನ್ನೊಂದು ಕಡೆಯವರಿಗೆ ಕೀಲಿಯೇ ಕೀ. ‘ನಿಮ್ಮ ಕೀಲಿಯನ್ನು ಯಾರಿಗೂ ಕೊಡಬೇಡಿ’ ಎಂಬ ಎಚ್ಚರಿಕೆಯನ್ನು ಮೊದಲಿನವರು ಓದಿದರೆ ಬೀಗವನ್ನು ಬಚ್ಚಿಟ್ಟು ಕೀಲಿಕೈ ಹಂಚಿಯಾರು. ‘ಬೀಗದ ಕೈ’ ಸ್ಪಷ್ಟವಾಗಿದೆ, ಆದರೆ ಪಬ್ಲಿಕ್ ಕೀಗೆ (ಎಲ್ಲರಿಗೂ ಕೊಡಬಹುದಾದ ಕೀ) ‘ಸಾರ್ವಜನಿಕ ಬೀಗದ ಕೈ’ ಅಂದರೆ ಊರ ಛತ್ರದ ಬೀಗದ ನೆನಪಾಗುತ್ತದೆ. ಸದ್ಯಕ್ಕೆ ‘ಕೀಲಿಕೈ’ ಅಂತಲೇ ಇಟ್ಟುಕೊಂಡಿದ್ದೇನೆ.

ಎಂಡ್-ಟು-ಎಂಡ್‌ಗೆ ‘ತುದಿಯಿಂದ ತುದಿಗೆ’ ಸಾಕು. ಆದರೆ ಯಾವ ತುದಿ ಅಂತ ಹೇಳದೆ ಬಿಟ್ಟರೆ ಮೋಸವಾಗುತ್ತದೆ. ಸಾಮಾನ್ಯ ಉಪಗ್ರಹ ಕರೆಯಲ್ಲಿ ಗೂಢಲಿಪಿ ಕಾಯುವುದು ರೇಡಿಯೋ ದಾರಿಯನ್ನು ಮಾತ್ರ. ನೆಲದ ಜಾಲಕ್ಕೆ ಸೇರುವ ಹೊತ್ತಿಗೆ ಗಂಟು ಬಿಚ್ಚಿಕೊಂಡು, ಕರೆ ಎಲ್ಲ ಕರೆಗಳ ಹಾಗೆ ಮುಂದೆ ಹೋಗುತ್ತದೆ. ಎರಡೂ ಫೋನುಗಳಲ್ಲೇ ಗಂಟು ಹಾಕಿ ಬಿಚ್ಚಿದರೆ ಮಾತ್ರ ‘ತುದಿಯಿಂದ ತುದಿಗೆ’. ಆಗಲೂ ಯಾರು ಯಾರಿಗೆ, ಎಷ್ಟು ಹೊತ್ತು ಮಾತಾಡಿದರು ಎಂಬುದು ಸೇವೆ ಕೊಡುವವರಿಗೆ ಕಾಣುತ್ತಲೇ ಇರುತ್ತದೆ. ಹಾಗಾಗಿ ಮಾತಿಗೆ ‘ಗೋಪ್ಯತೆ’, ಮಾತಾಡುವವರಿಗೆ ‘ಖಾಸಗಿತನ’ ಅಂತ ಬೇರೆ ಮಾಡಿದ್ದೇನೆ. (‘ಗೌಪ್ಯ’ ಸರಿಯೋ ‘ಗೋಪ್ಯ’ ಸರಿಯೋ ಎಂಬ ಜಗಳ ಈಗ ಬೇಡ.)

ನನ್ನನ್ನು ಹೆಚ್ಚು ಹೊತ್ತು ಕೂರಿಸಿದ್ದು ಕೊನೆಯ ಅಧ್ಯಾಯ. ಕದ್ದಾಲಿಕೆಯ ‘ಕದ್ದು’ ನಿಜವಾಗಿ ಕಳ್ಳತನದ್ದಲ್ಲ. ‘ಕದ್ದು ನೋಡಿದ’, ‘ಕದ್ದುಮುಚ್ಚಿ ಬಂದ’ ಅನ್ನುವಾಗಿನ ಕದ್ದು, ಗೊತ್ತಾಗದ ಹಾಗೆ ಎಂಬರ್ಥದ್ದು. ಈಗ ಆ ಅಧ್ಯಾಯದಲ್ಲಿ ಬರುವ ಕ್ವಾಂಟಂ ಕೀ ಹಂಚಿಕೆ ನೋಡಿ. 1984ರಲ್ಲಿ ಬೆನೆಟ್, ಬ್ರಸಾರ್ಡ್ ಎಂಬಿಬ್ಬರು ಮುಂದಿಟ್ಟ ವಿಧಾನ. ಕೀಲಿಕೈಯನ್ನು ಒಂದೊಂದೇ ಬೆಳಕಿನ ಕಣದಲ್ಲಿಟ್ಟು ಕಳಿಸುತ್ತಾರೆ. ನಡುವೆ ಯಾರಾದರೂ ಅಳೆಯಲು ಹೋದರೆ ಕಣದ ಸ್ಥಿತಿ ಕದಡುತ್ತದೆ. ಎರಡೂ ಕಡೆಯವರು ಒಂದಿಷ್ಟನ್ನು ತಾಳೆ ನೋಡಿದಾಗ ತಪ್ಪುಗಳು ಹೆಚ್ಚಾಗಿ ಕಂಡು, ನಡುವೆ ಯಾರೋ ಕೈ ಹಾಕಿದ್ದು ರಟ್ಟಾಗುತ್ತದೆ. 2016ರಲ್ಲಿ ಚೀನಾ ಹಾರಿಸಿದ ಮಿಷಿಯಸ್ ಉಪಗ್ರಹ ಇದನ್ನು ಬಾಹ್ಯಾಕಾಶದಿಂದ ಮಾಡಿ ತೋರಿಸಿತು. ಮರುವರ್ಷ ಬೀಜಿಂಗ್ ಮತ್ತು ವಿಯೆನ್ನಾ ನಡುವೆ ಇಂಥ ಕೀಲಿಕೈ ಬಳಸಿ ವಿಡಿಯೋ ಕರೆಯೂ ನಡೆಯಿತು. ಉಪಗ್ರಹ ಕೊಟ್ಟದ್ದು ಕೀಲಿಕೈ ಮಾತ್ರ, ಮಾತು ಹೋದದ್ದು ನೆಲದ ಜಾಲದಲ್ಲೇ. ಅಂದರೆ ಇಲ್ಲಿ ಕೈ ಹಾಕಬಹುದು, ಕದ್ದು ಹಾಕಲು ಬರುವುದಿಲ್ಲ. ಇದನ್ನು ಕದ್ದಾಲಿಕೆ ಅನ್ನುವುದು ಹೇಗೆ?

ನನ್ನ ವಾಕ್ಯ ಈಗ ಹೀಗಾಗಿದೆ: ‘ಗೂಢಲಿಪಿಯಲ್ಲಿದ್ದರೆ ಕರೆಯ ಅಲೆಗಳನ್ನು ಹಿಡಿದರೂ ಮಾತನ್ನು ಕದ್ದಾಲಿಸಲು ಆಗುವುದಿಲ್ಲ.’ ವಾಕ್ಯದೊಳಗೆ ಕ್ರಿಯಾಪದವಾಗಿ ‘ಹಿಡಿ’ ಸಲೀಸಾಗಿ ಕೂತಿದೆ. ಆದರೆ ಕೈಪಿಡಿಯ ಕೊನೆಯಲ್ಲೊಂದು ಕೋಷ್ಟಕವಿದೆ, ಅದರ ತಲೆಬರಹಕ್ಕೆ ನಾಮಪದವೇ ಬೇಕು. ‘ಅಲೆಹಿಡಿತ’ ಅಂತ ಬರೆದಿದ್ದೇನೆ. ಹಿಡಿತ ಅಂದರೆ ಹತೋಟಿ ಅಂತಲೂ ಆಗುವುದರಿಂದ ಧೈರ್ಯ ಸಾಲುತ್ತಿಲ್ಲ. ರೇಡಿಯೋ, ವೈರ್‌ಲೆಸ್ ಕೆಲಸ ಮಾಡಿದವರು ಬಾಯಿಮಾತಿನಲ್ಲಿ ಏನನ್ನುತ್ತಿದ್ದರು ಎಂಬುದು ಗೊತ್ತಿದ್ದರೆ ದಯವಿಟ್ಟು ತಿಳಿಸಿ.