ಸಹಾಯ ಬೇಕು: ನಮ್ಮ ಪುಸ್ತಕಪಟ್ಟಿಯನ್ನು ಲೈಬ್ರರಿಗೆ ಕೊಡೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮ ಓದುಗರ ಬಳಗದವರು ಮನೆಯಲ್ಲಿರುವ ಕನ್ನಡ ಪುಸ್ತಕಗಳ ವಿವರವನ್ನು ಒಂದು ಎಕ್ಸೆಲ್ ಶೀಟಿಗೆ ತುಂಬುತ್ತಾ ಬಂದಿದ್ದೇವೆ. ಹೆಸರು, ಲೇಖಕರು, ಪ್ರಕಾಶಕರು, ಮುದ್ರಣದ ವರ್ಷ, ಜೊತೆಗೆ ಓದಿದವರ ಎರಡು ಸಾಲು. ಈಗ ಒಂದು ಲೈಬ್ರರಿ, ಒಬ್ಬ ಪುಸ್ತಕದಂಗಡಿಯವರು, ಒಬ್ಬ ಪಿಎಚ್‌ಡಿ ವಿದ್ಯಾರ್ಥಿನಿ ಇದನ್ನು ಕೇಳುತ್ತಿದ್ದಾರೆ. ಕೊಡೋಕೆ ಖುಷಿನೇ. ಆದರೆ ಶೀಟ್ ತೆರೆದರೆ ನಾಚಿಕೆಯಾಗುತ್ತದೆ.

ಒಬ್ಬರು ‘ಕುವೆಂಪು’ ಅಂತ ಬರೆದಿದ್ದಾರೆ, ಇನ್ನೊಬ್ಬರು ‘ಕೆ.ವಿ. ಪುಟ್ಟಪ್ಪ’, ಮತ್ತೊಬ್ಬರು ಇಂಗ್ಲಿಷ್ ಅಕ್ಷರದಲ್ಲಿ. ಕಂಪ್ಯೂಟರಿಗೆ ಇವರು ಮೂರು ಜನ! ಹಳೇ ಪುಸ್ತಕಗಳಿಗೆ ಐಎಸ್‌ಬಿಎನ್ (ಪುಸ್ತಕದ ಗುರುತಿನ ನಂಬರ್) ಇಲ್ಲವೇ ಇಲ್ಲ. ಹೊಸದರಲ್ಲಿ ಕೆಲವರು 10 ಅಂಕಿಯದ್ದು, ಕೆಲವರು 13 ಅಂಕಿಯದ್ದು ಹಾಕಿದ್ದಾರೆ. ಶೀಟನ್ನು ಸಿಎಸ್‌ವಿ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಸರಳ ಫೈಲ್) ಮಾಡಿದಾಗ 978ರಿಂದ ಶುರುವಾಗುವ ಆ ಉದ್ದ ನಂಬರ್ ‘9.78’ ಅಂತ ಏನೋ ಆಗಿ, ಉಳಿದ ಅಂಕಿಗಳು ಹೋಗೇಬಿಟ್ಟವು. ಆ ಕಾಲಮ್ಮನ್ನು ಮೊದಲೇ ಟೆಕ್ಸ್ಟ್ ಮಾಡಬೇಕಿತ್ತಂತೆ.

ಲೈಬ್ರರಿಯವರದು ಕೋಹಾ ಸಾಫ್ಟ್‌ವೇರ್. ಮಾರ್ಕ್ 21 ಫೈಲ್ (ಲೈಬ್ರರಿಗಳು ಪುಸ್ತಕದ ವಿವರ ಇಡುವ, ಹಂಚಿಕೊಳ್ಳುವ ರೂಪ) ಕೇಳಿದ್ದಾರೆ. ಮಾರ್ಕ್‌ಎಡಿಟ್ ಅನ್ನೋ ಸಾಫ್ಟ್‌ವೇರಿನಲ್ಲಿ ಅದನ್ನು ಮಾಡಬಹುದು ಅಂತ ಗೊತ್ತು, ಆದರೆ ಕನ್ನಡ ಅಕ್ಷರ ಕೆಡದ ಹಾಗೆ ಯಾರಾದರೂ ಮಾಡಿದ್ದೀರಾ? ಒಂದು ಇಪ್ಪತ್ತು ಸಾಲು ಮಾಡಿ ತೋರಿಸಿದರೆ ಸಾಕು, ಮಿಕ್ಕಿದ್ದು ನಾವು ನೋಡಿಕೊಳ್ಳುತ್ತೇವೆ.

ಇನ್ನೊಂದು ಗೊಂದಲ ಲೈಸೆನ್ಸಿನದು. ವಿಕಿಡೇಟಾದವರ (ಎಲ್ಲರಿಗೂ ಮುಕ್ತವಾದ ಮಾಹಿತಿ ಸಂಗ್ರಹ) ಥರ ಸಿಸಿ0 (ಹಕ್ಕುಗಳನ್ನೆಲ್ಲ ಬಿಟ್ಟುಕೊಡೋದು) ಹಾಕಿದರೆ ಅಂಗಡಿಯವರೂ ಯಾರನ್ನೂ ಕೇಳದೆ ಬಳಸಬಹುದು. ಪುಸ್ತಕದ ಹೆಸರು, ವರ್ಷಕ್ಕೆ ಅದು ಸರಿ. ಆದರೆ ಓದಿದವರು ಬರೆದ ಟಿಪ್ಪಣಿಗಳು? ಒಬ್ಬರು ‘ಅಪ್ಪ ಆಸ್ಪತ್ರೆಯಲ್ಲಿದ್ದಾಗ ದಿನಾ ಓದಿ ಹೇಳಿದ್ದು’ ಅಂತ ಬರೆದಿದ್ದಾರೆ. ಅದನ್ನು ಸುಮ್ನೆ ಹಂಚೋಕೆ ಆಗಲ್ಲ, ಅಲ್ವಾ? ಒಬ್ಬೊಬ್ಬರ ಒಪ್ಪಿಗೆ ತಗೊಳ್ಳೋಕೆ ಚಿಕ್ಕ ಫಾರ್ಮ್ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ಕಳಿಸಿ.