ಅಪ್‌ಡೇಟ್: ಸ್ಲೀಪರ್ ಬೋಗಿಯ ಒಳಗೋಡೆ ಈಗ ಕಾಣಿಸುತ್ತಿದೆ

ಓಪನ್ ರೈಲ್ಸ್ ಎಂಬ ಕಂಪ್ಯೂಟರ್ ರೈಲು ಸಿಮ್ಯುಲೇಟರ್‌ಗಾಗಿ ನಾನು ರೂಪಿಸುತ್ತಿರುವ ಐಸಿಎಫ್ (ಚೆನ್ನೈನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿ) ವಿನ್ಯಾಸದ ಸ್ಲೀಪರ್ ಬೋಗಿಯ 3ಡಿ ಮಾದರಿಯಲ್ಲಿ, ಪ್ರಯಾಣಿಕರ ನೋಟಕ್ಕೆ ಬದಲಾಯಿಸಿದೊಡನೆ ಗೋಡೆ ಮಾಯವಾಗಿ ಹಳಿಬದಿಯ ಮರಗಳೇ ಕಾಣುತ್ತವೆ, ಏಕಿರಬಹುದು ಎಂದು ಹಿಂದೆ ನಿಮ್ಮನ್ನು ಕೇಳಿದ್ದೆ. ನೀವು ಊಹಿಸಿದಂತೆ ಗೋಡೆಯ ಮುಖಗಳೆಲ್ಲ ಹೊರಕ್ಕೆ ತಿರುಗಿದ್ದವು, ಹಾಗಾಗಿ ಒಳಗಿನಿಂದ ಕಾಣುತ್ತಿರಲಿಲ್ಲ. 3ಡಿ ಮಾದರಿ ರಚಿಸುವ ಬ್ಲೆಂಡರ್ ತಂತ್ರಾಂಶದಲ್ಲಿ ನಾರ್ಮಲ್‌ಗಳನ್ನು (ಮುಖ ಯಾವ ಕಡೆಗಿದೆ ಎಂದು ಸೂಚಿಸುವ ರೇಖೆಗಳನ್ನು) ಒಳಮುಖವಾಗಿಸಿದ ಮೇಲೆ ಸರಿಹೋಯಿತು. ಸಲಹೆ ನೀಡಿದವರಿಗೆ ಮನಃಪೂರ್ವಕ ಧನ್ಯವಾದಗಳು.

8 ಬರ್ತ್‌ಗಳ ಒಂದು ವಿಭಾಗವನ್ನು ಅಚ್ಚುಕಟ್ಟಾಗಿ ಮುಗಿಸಿ, ಅದನ್ನೇ 9 ಕಡೆ ಜೋಡಿಸಿದ್ದರಿಂದ 72 ಬರ್ತ್‌ಗಳಿಗೂ ಒಂದೇ ಟೆಕ್ಸ್ಚರ್ (ಮೇಲ್ಮೈಗೆ ಹೊದಿಸುವ ಚಿತ್ರ) ಸಾಕಾಯಿತು. ಹೆಚ್ಚು ಹೊತ್ತು ಹಿಡಿದದ್ದು ನಡುವಿನ ಬರ್ತನ್ನು ಎತ್ತಿಹಿಡಿಯುವ ಸರಪಳಿ: ಕೊಂಡಿ ಕೊಂಡಿಯಾಗಿ ರಚಿಸಿದಾಗ ಪಾಲಿಗಾನ್‌ಗಳು (ಮಾದರಿಯನ್ನು ಕಟ್ಟುವ ಪುಟ್ಟ ಬಹುಭುಜಗಳು) ಮಿತಿಮೀರಿದವು, ಆದ್ದರಿಂದ ತೆಳುವಾದ ಪಟ್ಟಿಯೊಂದಕ್ಕೆ, ಹಿನ್ನೆಲೆ ಪಾರದರ್ಶಕವಾಗಿರುವ ಸರಪಳಿಯ ಚಿತ್ರವನ್ನು ಹೊಂದಿಸಿದೆ. ಅದಿಲ್ಲದೆ ಬೋಗಿ ಅಪೂರ್ಣವೆಂದೇ ನನಗೆ ಅನಿಸುತ್ತಿತ್ತು. ಕಿಟಕಿಯ ಅಡ್ಡಸರಳುಗಳು ಇನ್ನೂ ಬಾಕಿ ಇವೆ.