ಪಟ ಗೋಡೆ ಕಡೆ ತಿರುಗಿತು: ಜನರಲ್ ಥಾಮಸ್ ದ್ರೋಹಿಯಾ?

ಹಳೇಪುಟ: ಅಮೆರಿಕದ ಅಂತರ್ಯುದ್ಧ ಅಂದರೆ ಎಲ್ಲರಿಗೂ ರಾಬರ್ಟ್ ಲೀ ಗೊತ್ತು. ವರ್ಜೀನಿಯಾದವರೇ ಆದ ಜಾರ್ಜ್ ಥಾಮಸ್ ಗೊತ್ತಿಲ್ಲ. ಇಬ್ಬರೂ ಒಂದೇ ಕುದುರೆ ರೆಜಿಮೆಂಟಿನಲ್ಲಿದ್ದವರು. 1861ರಲ್ಲಿ ಗುಲಾಮಗಿರಿ ಉಳಿಸಿಕೊಳ್ಳಲು ದಕ್ಷಿಣದ ರಾಜ್ಯಗಳು ದೇಶದಿಂದ ಬೇರೆಯಾದವು, ವರ್ಜೀನಿಯಾವೂ ಅದರಲ್ಲೊಂದು. ಲೀ ರಾಜೀನಾಮೆ ಕೊಟ್ಟು ದಕ್ಷಿಣದ ಕಡೆ ಹೋದರು. ಥಾಮಸ್ ಕೇಂದ್ರ ಸೇನೆಯಲ್ಲೇ ಉಳಿದರು. ಅದಕ್ಕೇ ಅಕ್ಕತಂಗಿಯರು ಅವರ ಪಟವನ್ನು ಗೋಡೆ ಕಡೆ ತಿರುಗಿಸಿಟ್ಟರಂತೆ. 1870ರಲ್ಲಿ ಥಾಮಸ್ ತೀರಿಕೊಂಡಾಗ ಅವರು ಮಣ್ಣಿಗೂ ಬರಲಿಲ್ಲ. ನ್ಯೂಯಾರ್ಕ್ ರಾಜ್ಯದ ಟ್ರಾಯ್‌ನಲ್ಲಿ, ಹೆಂಡತಿಯ ತವರೂರಲ್ಲೇ ಥಾಮಸ್ ಮಣ್ಣಾದರು. ಇವರನ್ನು ದ್ರೋಹಿ ಅನ್ನಬಹುದಾ?

ಬಯಲುಸೀಮೆ: ಸುಮ್ನೆ ಹುತಾತ್ಮ ಮಾಡಬೇಡಿ ಗುರೂ. 1861ರ ಜನವರಿಯಲ್ಲಿ ಇದೇ ಮನುಷ್ಯ ವರ್ಜೀನಿಯಾದ ಮಿಲಿಟರಿ ಕಾಲೇಜಿಗೆ ಕೆಲಸ ಕೇಳಿ ಕಾಗದ ಬರೆದಿದ್ದರು. ಒಂದು ಕಾಲು ಆಚೆ ಇತ್ತು. ಹೆಂಡತಿ ಉತ್ತರದವಳು, ಅದಕ್ಕೇ ಉಳಿದರು.

ಮಾಜಿ ಹವಾಲ್ದಾರ್: ಆ ಕಾಗದದ ಹಿಂದಿನ ಕಥೆ ಹೇಳಿ ಸ್ವಾಮಿ. ರೈಲಿನಿಂದ ಇಳಿಯುವಾಗ ಬಿದ್ದು ಬೆನ್ನು ಏಟಾಗಿತ್ತು. ಇನ್ನು ಕುದುರೆ ಹತ್ತೋಕಾಗಲ್ಲ ಅಂತ ಪಾಠ ಹೇಳುವ ಕೆಲಸ ನೋಡಿದರು. ವರ್ಜೀನಿಯಾ ಇನ್ನೂ ಬೇರೆಯಾಗಿರಲೇ ಇಲ್ಲ, ಅದಾದದ್ದು ಏಪ್ರಿಲ್‌ನಲ್ಲಿ. ಮಾರ್ಚ್‌ನಲ್ಲಿ ಅಲ್ಲಿನ ಗವರ್ನರ್ ಕಡೆಯಿಂದ ದೊಡ್ಡ ಹುದ್ದೆಯ ಮಾತು ಬಂದಾಗ ಬೇಡ ಅಂದರು. ಒಂದು ಕಾಲು ಆಚೆ ಇದ್ದವರು ಹಾಗೆ ಮಾಡ್ತಾರಾ? ಪ್ರಮಾಣ ಮಾಡಿ ಯೂನಿಫಾರ್ಮ್ ಹಾಕಿದವರಿಗೆ ಇದು ಬೇಗ ಅರ್ಥವಾಗುತ್ತದೆ.

ಇನ್ನು 1863ರ ಸೆಪ್ಟೆಂಬರ್ 20, ಚಿಕಮಾಗಾ ಕದನ. ಕೇಂದ್ರ ಸೇನೆಯ ಸಾಲು ಮುರಿಯಿತು. ಸೇನಾಪತಿ ರೋಸ್‌ಕ್ರಾನ್ಸ್ ರಣರಂಗ ಬಿಟ್ಟು ಚಟ್ಟನೂಗಾಕ್ಕೆ ಹೋದರು. ಥಾಮಸ್ ಸ್ನಾಡ್‌ಗ್ರಾಸ್ ಗುಡ್ಡದ ಮೇಲೆ ನಿಂತರು. ಗುಂಡು ಖಾಲಿಯಾಗುತ್ತಾ ಬಂತು. ಹುಡುಗರು ಸತ್ತವರ ಚೀಲ ತಡಕಿ ತೋಟಾ ತೆಗೆದುಕೊಂಡು ಹೊಡೆದರು. ಪಕ್ಕದಲ್ಲಿ ಬಿದ್ದ ಗೆಳೆಯನ ಚೀಲಕ್ಕೆ ಕೈ ಹಾಕೋದು ಅಂದ್ರೆ ಏನು ಅಂತ ಕೂತು ಬರೆಯೋರಿಗೆ ಗೊತ್ತಾಗಲ್ಲ ಬಿಡಿ.

ತುಂಗೆ_ದಡ: ಹವಾಲ್ದಾರ್ ಸಾರ್, ಧೈರ್ಯದ ಬಗ್ಗೆ ತಕರಾರಿಲ್ಲ. ಆದರೆ ಗುಲಾಮರ ಮಾತು ಯಾರೂ ಎತ್ತಲಿಲ್ಲವಲ್ಲ! ಥಾಮಸ್ ಮನೆಯಲ್ಲೂ ಗುಲಾಮರಿದ್ದರು. 1831ರಲ್ಲಿ ಗುಲಾಮನಾಗಿದ್ದ ನ್ಯಾಟ್ ಟರ್ನರ್ ದಂಗೆಯೆದ್ದಾಗ ಇವರ ಕುಟುಂಬ ಮನೆ ಬಿಟ್ಟು ಓಡಿತ್ತು, ಆಗ ಇವರಿನ್ನೂ ಹದಿಹರೆಯದ ಹುಡುಗ. ಅಂಥವರ ಕೈಕೆಳಗೇ 1864ರ ಡಿಸೆಂಬರ್‌ನಲ್ಲಿ ನ್ಯಾಶ್‌ವಿಲ್‌ನಲ್ಲಿ ಕೇಂದ್ರ ಸೇನೆಯ ಕಪ್ಪು ಸೈನಿಕರು ಓವರ್‌ಟನ್ ಗುಡ್ಡ ಹತ್ತಿದರು. 13ನೇ ರೆಜಿಮೆಂಟ್ ಒಂದರಲ್ಲೇ ಸತ್ತವರು, ಗಾಯಗೊಂಡವರು ಸೇರಿ 200ಕ್ಕೂ ಜಾಸ್ತಿ. ನನಗೆ ಈ ಬದಲಾವಣೆಯೇ ಪಟದ ಕಥೆಗಿಂತ ದೊಡ್ಡದು.

ಬಯಲುಸೀಮೆ: ನ್ಯಾಶ್‌ವಿಲ್ ಅಂದಿರಿ, ಸರಿ. ಅಲ್ಲಿ ಎಷ್ಟು ದಿನ ಕೂತರು ಅಂತಲೂ ಹೇಳಿ. ದಾಳಿ ಮಾಡಿ ಅಂತ ಮೇಲಿನ ಸೇನಾಪತಿ ಗ್ರಾಂಟ್ ತಂತಿ ಮೇಲೆ ತಂತಿ ಕಳಿಸಿ ಸಾಕಾಗಿ, ಥಾಮಸ್ ಬದಲಿಗೆ ಜನರಲ್ ಲೋಗನ್‌ನನ್ನು ರೈಲು ಹತ್ತಿಸಿದರು.

ಮಾಜಿ ಹವಾಲ್ದಾರ್: ನೆಲ ಪೂರ್ತಿ ಮಂಜುಗಡ್ಡೆ ಕಟ್ಟಿತ್ತು. ಕುದುರೆ ಕಾಲೂರಿದರೆ ಜಾರುತ್ತಿತ್ತು. ದಾಳಿ ಹೇಗೆ ಮಾಡೋದು? ಮಂಜು ಕರಗಿದ ಮೇಲೆ 15, 16ರಂದು ಹೊಡೆದರು, ದಕ್ಷಿಣದ ಜನರಲ್ ಹುಡ್‌ನ ಸೇನೆ ಚೆಲ್ಲಾಪಿಲ್ಲಿ. ಲೋಗನ್ ಇನ್ನೂ ದಾರಿಯಲ್ಲಿ, ಲೂಯಿವಿಲ್‌ನಲ್ಲೇ ಇದ್ದರು!

ಬಯಲುಸೀಮೆ: ಆಯ್ತಪ್ಪಾ, ನಿಧಾನದ ಮಾತು ವಾಪಸ್. ಹೆಂಡತಿಯ ಮಾತು ವಾಪಸ್ ಇಲ್ಲ.

ಹಳೇಪುಟ: ಒಂದು ಸೇರಿಸ್ತೀನಿ. ಮೆಕ್ಸಿಕೋ ಯುದ್ಧದಿಂದ ಬಂದಾಗ ಊರಿನವರು ಥಾಮಸ್‌ಗೆ ಒಂದು ಕತ್ತಿ ಉಡುಗೊರೆ ಕೊಟ್ಟಿದ್ದರು. ಅದನ್ನು ಮನೆಯಲ್ಲಿಟ್ಟು ಹೋಗಿದ್ದರು. ಅಕ್ಕತಂಗಿಯರು ಅದನ್ನು ವಾಪಸ್ ಕೊಡಲೂ ಇಲ್ಲ, ಬಿಸಾಡಲೂ ಇಲ್ಲ.